ಬೀಗ ಹಾಕಿದ ಮನೆಯಲ್ಲಿ ಸಮುದ್ರದ ಮೀನುಗಳ ಊಟ

ದಸರಾ ರಜೆ ಹತ್ತಿರವಾಗುತ್ತಿದ್ದಂತೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಚಿಂತೆಯನ್ನು ತೋಡಿಕೊಂಡಿವೆ. ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡವರು ನಾಲ್ಕು ದಿನ ಊರು ಬಿಟ್ಟು ಹೋಗುವುದಾದರೆ ಮೀನುಗಳಿಗೆ ಆಹಾರ ಹಾಕುವವರು ಯಾರು, ಹಾಕದಿದ್ದರೆ ಏನಾದೀತು ಎಂಬುದೇ ಆ ಚಿಂತೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಎಂದಿನಂತೆ ಪತ್ರ ಬರೆದವರ ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನಮ್ಮ ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇದೆ. ಎರಡು ಕ್ಲೌನ್ ಮೀನು, ಎರಡು ಡ್ಯಾಮ್ಸೆಲ್, ಒಂದು ಕ್ಲೀನರ್ ಸೀಗಡಿ ಮತ್ತು ಐದಾರು ಬಸವನಹುಳುಗಳಿವೆ. ಮಕ್ಕಳ ರಜೆಯಲ್ಲಿ ಒಂಬತ್ತು ದಿನಗಳ ಪ್ರವಾಸ ನಿಶ್ಚಯವಾಗಿದೆ. ಒಂಬತ್ತು ದಿನ ಬಾಯಿಲ್ಲದ ಜೀವಗಳನ್ನು ಉಪವಾಸ ಕೆಡವುವುದು ಪಾಪ ಎಂದು ನಮ್ಮ ಅತ್ತೆಯವರು ಬೇಸರಪಡುತ್ತಿದ್ದಾರೆ. ಮೀನುಗಳು ಎಷ್ಟು ದಿನ ಹಸಿವು ತಡೆದುಕೊಳ್ಳುತ್ತವೆ? ನಾವು ಏನೇನು ಏರ್ಪಾಡು ಮಾಡಿಕೊಂಡು ಹೊರಡಬೇಕು?
— ಮಡಿಕೇರಿಯ ಓದುಗರು

ಉತ್ತರ: ನಿಮ್ಮ ಅತ್ತೆಯವರ ಮಾತಿನ ಹಿಂದಿರುವ ಕರುಣೆಗೆ ನನ್ನ ಗೌರವವಿದೆ, ಗಾಜಿನ ಗೋಡೆಯೊಳಗಿನ ಜೀವಕ್ಕೆ ನಮ್ಮನ್ನು ಬಿಟ್ಟರೆ ಬೇರೆ ದಿಕ್ಕಿಲ್ಲ ಎಂಬುದನ್ನು ಅವರು ಸರಿಯಾಗಿಯೇ ಅರಿತಿದ್ದಾರೆ. ಆದರೆ ಉಪವಾಸವು ನಮಗೆ, ನಮ್ಮ ಹಸುವಿಗೆ, ನಾಯಿಗೆ ತಟ್ಟುವ ಹಾಗೆ ಮೀನಿಗೆ ತಟ್ಟುವುದಿಲ್ಲ. ನಮ್ಮಂಥ ಬಿಸಿರಕ್ತದ ಪ್ರಾಣಿಗಳು ತಿಂದ ಆಹಾರದ ದೊಡ್ಡ ಪಾಲನ್ನು ಮೈ ಬೆಚ್ಚಗಿಟ್ಟುಕೊಳ್ಳುವುದಕ್ಕೇ ವೆಚ್ಚ ಮಾಡುತ್ತವೆ. ಈ ಮೀನುಗಳ ಮೈ ಸುತ್ತಲಿನ ನೀರಿನಷ್ಟೇ ಬೆಚ್ಚಗಿರುವುದರಿಂದ ಅವುಗಳಿಗೆ ಆ ವೆಚ್ಚವೇ ಇಲ್ಲ. ಅಲ್ಲದೆ ಮೈಯ ಭಾರವನ್ನು ನೀರೇ ಹೊರುವುದರಿಂದ ಶ್ರಮವೂ ಕಡಿಮೆ. ಚೆನ್ನಾಗಿ ಬೆಳೆದ, ಮೈತುಂಬಿಕೊಂಡ, ನಿಮ್ಮ ಟ್ಯಾಂಕಿಗೆ ಬಂದು ಕೆಲವು ತಿಂಗಳುಗಳಾದರೂ ಆಗಿರುವ ಕ್ಲೌನ್ ಮತ್ತು ಡ್ಯಾಮ್ಸೆಲ್ ಮೀನುಗಳು ಮೂರು ನಾಲ್ಕು ದಿನ ಏನೂ ತಿನ್ನದಿದ್ದರೆ ಅವುಗಳಿಗೆ ಯಾವ ಬಾಧೆಯೂ ಇಲ್ಲ. ಒಂದು ವಾರವನ್ನೂ ಅವು ದಾಟಬಲ್ಲವು. ಬಸವನಹುಳುಗಳು ಗಾಜಿನ ಮೇಲಿನ ಪಾಚಿಯನ್ನು ಮೇಯುತ್ತವೆ, ಸೀಗಡಿ ಬಂಡೆಯ ಸಂದುಗಳಲ್ಲಿ ಅಳಿದುಳಿದದ್ದನ್ನು ಹೆಕ್ಕಿ ತಿನ್ನುತ್ತದೆ. ನೀವು ಹೋಗುವುದು ಒಂಬತ್ತು ದಿನವಾದ್ದರಿಂದ ನಾಲ್ಕನೆಯ ದಿನ ಒಮ್ಮೆ, ಏಳನೆಯ ದಿನ ಒಮ್ಮೆ ಯಾರಾದರೂ ಬಂದು ಎಂದಿನ ಅರ್ಧದಷ್ಟು ಆಹಾರ ಹಾಕಿದರೆ ಸಾಕು. ದಿನವೂ ಬರುವ ಅಗತ್ಯ ಆಹಾರದ ಮಟ್ಟಿಗಂತೂ ಇಲ್ಲ.

ಯಜಮಾನರಿಲ್ಲದಾಗ ಸತ್ತ ಸಮುದ್ರದ ಮೀನುಗಳಲ್ಲಿ ಹಸಿವಿನಿಂದ ಸತ್ತವು ಬಹಳ ಕಡಿಮೆ, ಹೆಚ್ಚು ಆಹಾರ ಬಿದ್ದು ನೀರು ಕೆಟ್ಟು ಸತ್ತವೇ ಹೆಚ್ಚು ಎಂಬುದು ಇಷ್ಟು ವರ್ಷಗಳಲ್ಲಿ ನಾನು ಕಂಡುಕೊಂಡ ಮಾತು, ಮತ್ತು ಇದನ್ನು ನಾನು ನಷ್ಟ ಅನುಭವಿಸಿಯೇ ಕಲಿತೆ. ಕೆಲವು ವರ್ಷಗಳ ಹಿಂದೆ ನೆಂಟರ ಮದುವೆಗೆಂದು ಐದು ದಿನ ಹೊರಟಾಗ ಪಕ್ಕದ ಮನೆಯವರ ಕೈಗೆ ಆಹಾರದ ಡಬ್ಬಿಯನ್ನೇ ಕೊಟ್ಟು, ದಿನಕ್ಕೆ ಸ್ವಲ್ಪ ಹಾಕಿ ಎಂದಷ್ಟೇ ಹೇಳಿ ಹೋಗಿದ್ದೆ. ಅವರು ಗಾಜಿನ ಹತ್ತಿರ ಹೋದಾಗಲೆಲ್ಲ ಮೀನುಗಳು ಮುತ್ತಿಕೊಂಡು ಬಾಯಿ ಬಿಡುತ್ತಿದ್ದವಂತೆ. ಮನುಷ್ಯರ ನೆರಳು ಕಂಡರೆ ಊಟ ಬರುತ್ತದೆ ಎಂದು ಅವು ಕಲಿತಿದ್ದರಿಂದ, ಹೊಟ್ಟೆ ತುಂಬಿದ್ದರೂ ಹಾಗೆಯೇ ಮಾಡುತ್ತವೆ. ಮನೆಗೆ ಬಂದವರನ್ನು ಉಣ್ಣಿಸದೆ ಕಳುಹಿಸದ ನಮ್ಮ ಕಡೆಯ ಜನರಿಗೆ ಅದನ್ನು ನೋಡಿ ಸುಮ್ಮನಿರಲು ಹೇಗೆ ಸಾಧ್ಯ? ದಿನಕ್ಕೆ ಮೂರು ಸಲ, ಚಮಚದ ತುಂಬ ಹಾಕಿದ್ದರು. ನಾನು ಮರಳಿದಾಗ ನೀರು ಅಕ್ಕಿ ತೊಳೆದ ನೀರಿನಂತಾಗಿತ್ತು, ಎರಡು ಮೀನುಗಳು ಆಗಲೇ ಸತ್ತಿದ್ದವು, ಉಳಿದವು ಮೇಲ್ಮೈಯಲ್ಲಿ ಏದುಸಿರು ಬಿಡುತ್ತಿದ್ದವು. ತಪ್ಪು ಅವರದಲ್ಲ, ಅಳತೆ ಹೇಳದೆ ಹೋದ ನನ್ನದು.

ಹೀಗೇಕಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ಮುಂದಿನ ಎಲ್ಲ ಏರ್ಪಾಡುಗಳೂ ತಾವಾಗಿಯೇ ಹೊಳೆಯುತ್ತವೆ. ಮೀನು ತಿಂದದ್ದು ಅದರ ಕಿವಿರಿನ ಮೂಲಕ ಅಮೋನಿಯಾ ಆಗಿ ಹೊರಬರುತ್ತದೆ, ತಿನ್ನದೆ ಬಿಟ್ಟ ಆಹಾರವೂ ಕೊಳೆತು ಅಮೋನಿಯಾ ಆಗುತ್ತದೆ. ಬಂಡೆ ಮತ್ತು ಫಿಲ್ಟರಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ, ಆಮೇಲೆ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಾಯಿಸುತ್ತವೆ. ಆದರೆ ಈ ಬ್ಯಾಕ್ಟೀರಿಯಾಗಳ ಬಳಗವು ನೀವು ದಿನವೂ ಹಾಕುವ ಆಹಾರದ ಪ್ರಮಾಣಕ್ಕೆ ತಕ್ಕಷ್ಟೇ ಬೆಳೆದಿರುತ್ತದೆ. ಒಮ್ಮೆಲೇ ಮೂರು ಪಟ್ಟು ಬಿದ್ದರೆ ಅವು ಕೈಸೋಲುತ್ತವೆ. ಸಿಹಿನೀರಿನ ಟ್ಯಾಂಕಿಗಿಂತ ನಮ್ಮ ಟ್ಯಾಂಕಿನಲ್ಲಿ ಇದು ಇನ್ನೂ ಕಠಿಣ: ಸಮುದ್ರದ ನೀರಿನ ಪಿಎಚ್ (ಆಮ್ಲ-ಕ್ಷಾರ ಗುಣದ ಅಳತೆ) ಸುಮಾರು 8.2 ಇರುವುದರಿಂದ ಅಮೋನಿಯಾದಲ್ಲಿ ವಿಷಕಾರಿಯಾದ ಅಂಶವು ಪಿಎಚ್ 7 ಇರುವ ಸಿಹಿನೀರಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚಾಗುತ್ತದೆ. ಜೊತೆಗೆ ಆಹಾರ ಕೊಳೆಯುವ ಕ್ರಿಯೆಯೇ ನೀರಿನಲ್ಲಿರುವ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ.

ಆಮ್ಲಜನಕದ ವಿಷಯದಲ್ಲಿ ಮಡಿಕೇರಿಯವರಾದ ನೀವು ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ ಅಷ್ಟೇ ಸಮುದ್ರದ ನೀರು ಹಿಡಿಯುವುದು ಏಳಕ್ಕಿಂತಲೂ ಸ್ವಲ್ಪ ಕಡಿಮೆ. ಈ ಲೆಕ್ಕ ಕಡಲಮಟ್ಟದ್ದು. ನಿಮ್ಮ ಊರು 1,100 ಮೀಟರಿಗಿಂತ ಎತ್ತರದಲ್ಲಿದ್ದು, ಅಲ್ಲಿ ಗಾಳಿಯ ಒತ್ತಡವೇ ಕಡಿಮೆಯಿರುವುದರಿಂದ ಇದರಲ್ಲಿಯೂ ಶೇಕಡಾ 12ರಷ್ಟು ಖೋತಾ ಆಗುತ್ತದೆ. ಅಂದರೆ ಮಂಗಳೂರಿನ ಮನೆಯೊಂದರ ಟ್ಯಾಂಕಿಗೆ ಇರುವ ಆಮ್ಲಜನಕದ ಉಳಿತಾಯ ಮಡಿಕೇರಿಯ ಟ್ಯಾಂಕಿಗೆ ಇಲ್ಲ. ನೀರನ್ನು ಕದಡುತ್ತ ಮೇಲ್ಮೈಯನ್ನು ಗಾಳಿಗೆ ಒಡ್ಡುತ್ತಿರುವ ಪಂಪು ನಿಂತುಹೋದರೆ ನಮ್ಮ ಮೀನುಗಳಿಗೆ ಸಿಗುವ ಸಮಯ ಚಿಕ್ಕದು, ಹೊಟ್ಟೆ ತುಂಬ ತಿಂದ ಮೀನಿಗಂತೂ ಇನ್ನೂ ಚಿಕ್ಕದು, ಏಕೆಂದರೆ ಜೀರ್ಣಿಸುವಾಗ ಅದಕ್ಕೆ ಆಮ್ಲಜನಕ ಹೆಚ್ಚು ಬೇಕು.

ಕರೆಂಟಿನ ಸ್ಥಿತಿ ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಗಾಳಿಮಳೆಗೆ ತೋಟದ ಮರವೊಂದು ತಂತಿಯ ಮೇಲೆ ಒರಗಿದರೆ ಲೈನ್‌ಮ್ಯಾನ್ ಬಂದು ಸರಿಪಡಿಸುವವರೆಗೆ ಒಂದು ರಾತ್ರಿ, ಕೆಲವೊಮ್ಮೆ ಎರಡು ದಿನ ಕತ್ತಲೆ. ಆದ್ದರಿಂದ ಆಹಾರಕ್ಕಿಂತ ಮೊದಲು ಏರ್ಪಾಡು ಮಾಡಬೇಕಾದದ್ದು ಕರೆಂಟು ಹೋದ ಕೂಡಲೇ ತಾನಾಗಿಯೇ ಚಾಲೂ ಆಗುವ ಬ್ಯಾಟರಿಯ ಏರ್ ಪಂಪನ್ನು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಟ್ಯಾಂಕಿನ ನೀರನ್ನು ಕದಡುವ ಪಂಪಾದ ವೇವ್‌ಮೇಕರನ್ನು ಮಾತ್ರ ಅದಕ್ಕೆ ಜೋಡಿಸಿ. ಅದು ಎಳೆಯುವುದು ಕೆಲವೇ ವಾಟ್. ಹೀಟರನ್ನೂ ದೀಪಗಳನ್ನೂ ಜೋಡಿಸಿದರೆ ಬ್ಯಾಟರಿ ಬೇಗನೆ ಖಾಲಿಯಾಗುತ್ತದೆ. ಟ್ಯಾಂಕಿನ ಮೂರು ಬದಿಗೆ ಹಳೆಯ ಕಂಬಳಿ ಸುತ್ತಿ ಹೋದರೆ ನೀರು ನಿಧಾನವಾಗಿ ತಣಿಯುತ್ತದೆ, ನಿಧಾನವಾಗಿ ಬಂದ ಚಳಿಯನ್ನು ಮೀನುಗಳು ಉಸಿರುಗಟ್ಟುವುದಕ್ಕಿಂತ ಎಷ್ಟೋ ಚೆನ್ನಾಗಿ ತಡೆದುಕೊಳ್ಳುತ್ತವೆ. ಆದರೆ ಡಿಸೆಂಬರ್, ಜನವರಿಯಲ್ಲಿ ಹೋಗುವವರು ಹೀಟರನ್ನೂ ಅಲಕ್ಷಿಸುವಂತಿಲ್ಲ. ದೊಡ್ಡದೊಂದರ ಬದಲು ಚಿಕ್ಕವೆರಡನ್ನು ಇಡುವುದು ಲೇಸು, ಒಂದು ಕೆಟ್ಟರೆ ಇನ್ನೊಂದು ನೀರನ್ನು ಪೂರ್ತಿ ತಣಿಯಲು ಬಿಡುವುದಿಲ್ಲ.

ಎರಡನೆಯದು ನೀರಿನ ಮಟ್ಟ. ಟ್ಯಾಂಕಿನಿಂದ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ. ನಿಮ್ಮ 200 ಲೀಟರಿನಲ್ಲಿ ಲೀಟರಿಗೆ 35 ಗ್ರಾಂನಂತೆ 7 ಕಿಲೋ ಉಪ್ಪಿದೆ ಎಂದುಕೊಳ್ಳಿ. ದಿನಕ್ಕೆ ಎರಡು ಲೀಟರ್ ಆರಿದರೆ ಒಂಬತ್ತು ದಿನಗಳಲ್ಲಿ 18 ಲೀಟರ್ ಹೋಗಿ, ಅದೇ 7 ಕಿಲೋ ಉಪ್ಪು 182 ಲೀಟರಿನಲ್ಲಿ ಉಳಿದು, ಲೀಟರಿಗೆ 38 ಗ್ರಾಂ ಮೀರುತ್ತದೆ. ಮೀನುಗಳು ಇದನ್ನು ಕಷ್ಟಪಟ್ಟು ಸಹಿಸಿಕೊಂಡಾವು, ಸೀಗಡಿಗೆ ಇದು ಸಂಕಟ. ಮಳೆ ಇನ್ನೂ ಬಿಡದ ಅಕ್ಟೋಬರಿನ ತೇವದಲ್ಲಿ ಇಷ್ಟು ಆರುವುದಿಲ್ಲ, ಒಣಗಾಳಿಯ ಫೆಬ್ರವರಿಯಲ್ಲಿ ಇದಕ್ಕಿಂತಲೂ ಹೆಚ್ಚು ಆರಬಹುದು. ಈಗಿನಿಂದಲೇ ನಾಲ್ಕು ದಿನ ನೀರು ತುಂಬಿಸದೆ, ಗಾಜಿನ ಮೇಲೆ ಗುರುತು ಹಾಕಿ, ನಿಮ್ಮ ಮನೆಯಲ್ಲಿ ನಿಜವಾಗಿ ಎಷ್ಟು ಇಳಿಯುತ್ತದೆ ಎಂದು ಅಳೆದುಕೊಳ್ಳಿ. ತಾನಾಗಿಯೇ ನೀರು ತುಂಬಿಸುವ ಫ್ಲೋಟ್ ಸಾಧನವಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಆಹಾರ ಹಾಕಲು ಬರುವವರೇ ಗುರುತಿನವರೆಗೆ ಆರ್‌ಒ ನೀರನ್ನು ಹಾಕಲಿ. ಉಪ್ಪು ಬೆರೆಸಿದ ನೀರನ್ನು ಹಾಕಬಾರದೆಂದು ಅವರಿಗೆ ಬರೆದೇ ಕೊಡಿ, ಸಮುದ್ರದ ಮೀನಿಗೆ ಉಪ್ಪುನೀರನ್ನೇ ಹಾಕಬೇಕೆಂದು ಒಳ್ಳೆಯ ಮನಸ್ಸಿನವರು ಅಂದುಕೊಳ್ಳುವುದು ಸಹಜ.

ನೀರು ಬದಲಾಯಿಸುವ ಕೆಲಸವನ್ನು ಹೊರಡುವುದಕ್ಕೆ ನಾಲ್ಕೈದು ದಿನ ಮೊದಲೇ ಮುಗಿಸಿ. ಹೊಸ ಮೀನು, ಹೊಸ ಪಂಪು, ಹೊಸ ಆಹಾರ ಯಾವುದನ್ನೂ ಕೊನೆಯ ಎರಡು ಮೂರು ವಾರಗಳಲ್ಲಿ ತರಬೇಡಿ; ತೊಂದರೆ ಇದ್ದರೆ ಅದು ಕಾಣಿಸಿಕೊಳ್ಳುವಾಗ ನೀವು ಮನೆಯಲ್ಲಿರಬೇಕು. ಟ್ಯಾಂಕಿನ ಕೆಳಗೆ ಸಂಪ್ (ಫಿಲ್ಟರ್ ಇಡುವ ಎರಡನೆಯ ತೊಟ್ಟಿ) ಇದ್ದರೆ ಒಮ್ಮೆ ಮುಖ್ಯ ಸ್ವಿಚ್ ಆರಿಸಿ, ಮೇಲಿನಿಂದ ಇಳಿದು ಬರುವ ನೀರೆಲ್ಲ ಸಂಪಿನಲ್ಲಿ ಹಿಡಿಯುತ್ತದೆಯೇ ಎಂದು ಕಣ್ಣಾರೆ ನೋಡಿ, ಮತ್ತೆ ಸ್ವಿಚ್ ಹಾಕಿ ಪಂಪು ತಾನಾಗಿಯೇ ಹೊರಡುತ್ತದೆಯೇ ಎಂದೂ ನೋಡಿ.

ಮರಳಿ ಬರುವ ದಿನವನ್ನು ಲೆಕ್ಕ ಹಾಕುವಾಗ ಎರಡು ದಿನ ಹೆಚ್ಚೇ ಹಿಡಿದುಕೊಳ್ಳಿ. 2018ರ ಆಗಸ್ಟ್ ತಿಂಗಳಲ್ಲಿ ಗುಡ್ಡಗಳು ಕುಸಿದು ಮಡಿಕೇರಿ-ಸಂಪಾಜೆ ರಸ್ತೆ ಮುಚ್ಚಿಹೋದುದನ್ನು ನಾವು ಯಾರೂ ಮರೆತಿಲ್ಲ. ಮಳೆಗಾಲದಲ್ಲಿ ಹೊರಗೆ ಹೋಗುವವರು ಮೂರನೆಯ ಸಲಕ್ಕೆ ಬೇಕಾಗುವ ಆಹಾರದ ಪೊಟ್ಟಣವೊಂದನ್ನೂ ಕಟ್ಟಿಟ್ಟು, ನಾವು ಫೋನ್ ಮಾಡಿದರೆ ಮಾತ್ರ ಇದನ್ನು ಹಾಕಿ ಎಂದು ಹೇಳಿ ಹೋಗುವುದು ಜಾಣತನ.

ಪ್ರಶ್ನೆ: ಅಕ್ವೇರಿಯಂ ಅಂಗಡಿಯಲ್ಲಿ ಬಿಳಿಯ ಬಿಲ್ಲೆಯಂಥ ರಜೆಯ ಆಹಾರ ಸಿಗುತ್ತದೆ. ಒಂದನ್ನು ನೀರಿಗೆ ಹಾಕಿ ಹೋದರೆ ಒಂದು ವಾರ ನಿಧಾನವಾಗಿ ಕರಗುತ್ತ ಮೀನುಗಳಿಗೆ ಊಟ ಕೊಡುತ್ತದೆಯಂತೆ. ಉಪ್ಪುನೀರಿನ ಟ್ಯಾಂಕಿಗೆ ಹಾಕಬಹುದೇ?
— ಗೋಣಿಕೊಪ್ಪಲಿನ ಓದುಗರು

ಉತ್ತರ: ಹಾಕಬೇಡಿ. ಇಂಥ ಬಿಲ್ಲೆಗಳಲ್ಲಿ ಬಹುಪಾಲನ್ನು ಸಿಹಿನೀರಿನ ಮೀನುಗಳಿಗೆಂದು ಮಾಡಲಾಗಿರುತ್ತದೆ. ಸುಣ್ಣದಂಥ ಗಟ್ಟಿ ಪದಾರ್ಥದೊಳಗೆ ಆಹಾರದ ಕಾಳುಗಳನ್ನು ಹುದುಗಿಸಿ ಮಾಡಿದ ಬಿಲ್ಲೆ ಉಪ್ಪುನೀರಿನಲ್ಲಿ ಯಾವ ವೇಗದಲ್ಲಿ ಕರಗೀತು ಎಂದು ಹೇಳಲಾಗದು. ಕೆಲವು ಕರಗುವುದೇ ಇಲ್ಲ, ಕೆಲವು ಎರಡೇ ದಿನಗಳಲ್ಲಿ ಪುಡಿಯಾಗಿ ವಾರದ ಆಹಾರವೆಲ್ಲ ತಳದಲ್ಲಿ ಬಿದ್ದು ಕೊಳೆಯುತ್ತದೆ. ಅಲ್ಲದೆ ನೀರಿನ ನಡುವೆ ತೇಲಿಬರುವುದನ್ನು ಹಿಡಿದು ತಿನ್ನುವ ಅಭ್ಯಾಸದ ಕ್ಲೌನ್ ಮೀನು ತಳದಲ್ಲಿ ಬಿದ್ದಿರುವ ಬಿಲ್ಲೆಯನ್ನು ಆಹಾರವೆಂದು ಗುರುತಿಸುವುದೂ ಅನುಮಾನ. ಒಂದು ವಾರಕ್ಕೆ ಏನೂ ಹಾಕದೆ ಹೋಗುವುದೇ ಇದಕ್ಕಿಂತ ಕ್ಷೇಮ.

ಪ್ರಶ್ನೆ: ನಾವು ಇಲ್ಲದಾಗ ನಮ್ಮ ತೋಟದ ಕೆಲಸದ ಮೇಲ್ವಿಚಾರಣೆ ಮಾಡುವ ರೈಟರ್ ಅಕ್ವೇರಿಯಂ ನೋಡಿಕೊಳ್ಳಲು ಒಪ್ಪಿದ್ದಾರೆ. ನಂಬಿಕಸ್ಥರು, ಆದರೆ ಮೀನು ಸಾಕಿದವರಲ್ಲ. ಅವರಿಗೆ ಏನೇನು ಹೇಳಿಕೊಡಬೇಕು?
— ವಿರಾಜಪೇಟೆ ಸಮೀಪದ ಕಾಫಿ ಬೆಳೆಗಾರರು

ಉತ್ತರ: ಹೇಳಿಕೊಡುವುದಕ್ಕಿಂತ, ಅವರು ತಪ್ಪು ಮಾಡಲು ಎಡೆಯೇ ಇಲ್ಲದಂತೆ ಸಿದ್ಧ ಮಾಡಿಡುವುದು ಮುಖ್ಯ. ಒಂದು ಹೊತ್ತಿಗೆ ಬೇಕಾದಷ್ಟು ಕಾಳಿನಂಥ ಪೆಲೆಟ್ ಆಹಾರವನ್ನು ನೀವೇ ಅಳೆದು ಕಾಗದದ ಚಿಕ್ಕ ಪೊಟ್ಟಣಗಳಲ್ಲಿ ಕಟ್ಟಿ, ಪ್ರತಿಯೊಂದರ ಮೇಲೆ ತಾರೀಕು ಬರೆದು, ತೇವ ತಾಗದಂತೆ ಬಿಗಿಯಾದ ಡಬ್ಬದಲ್ಲಿ ಇಡಿ. ಅಳತೆಯೆಂದರೆ ಮೀನುಗಳು ಒಂದು ನಿಮಿಷದೊಳಗೆ ಪೂರ್ತಿ ತಿಂದು ಮುಗಿಸುವಷ್ಟು. ಉಳಿದ ಆಹಾರವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ. ಇದರಲ್ಲಿ ಅಪನಂಬಿಕೆಯೇನೂ ಇಲ್ಲ; ಬಾಯಿ ಬಿಡುವ ಮೀನಿನ ಮುಂದೆ ಯಾರ ಮನಸ್ಸೂ ಕರಗುತ್ತದೆ, ಡಬ್ಬಿ ಕೈಗೆ ಸಿಕ್ಕಿದರೆ ಇನ್ನೊಂದು ಚಿಟಿಕೆ ಬೀಳುತ್ತದೆ. ಒಂದು ದಿನ ಬರಲಾಗದಿದ್ದರೆ ಮರುದಿನ ಎರಡು ಪೊಟ್ಟಣ ಒಟ್ಟಿಗೆ ಹಾಕಬಾರದು, ತಪ್ಪಿದ್ದು ತಪ್ಪಿಹೋಗಲಿ ಎಂದು ಬಾಯಲ್ಲಿ ಹೇಳಿ, ಬರೆದೂ ಅಂಟಿಸಿ. ಫ್ರೀಜರಿನಲ್ಲಿಟ್ಟ ಮೈಸಿಸ್, ಬ್ರೈನ್ ಸೀಗಡಿ ಎಂಬ ಹೆಪ್ಪುಗಟ್ಟಿಸಿದ ಆಹಾರಗಳ ಗೊಡವೆಗೆ ಅವರನ್ನು ಹಚ್ಚಬೇಡಿ. ಕರೆಂಟು ಹೋಗಿ ಕರಗಿ, ಮತ್ತೆ ಹೆಪ್ಪುಗಟ್ಟಿದ ಆಹಾರ ನೋಡಲು ಮೊದಲಿನಂತೆಯೇ ಇದ್ದರೂ ಒಳಗೆ ಕೆಟ್ಟಿರುತ್ತದೆ.

ತೋಟದ ಮನೆಯವರಾದ ನಿಮಗೆ ಪ್ರತ್ಯೇಕವಾಗಿ ಒಂದು ಮಾತು ಹೇಳಬೇಕು, ಅದು ಬೋರ್ಡೋ ದ್ರಾವಣದ್ದು. ಮಳೆಗಾಲದ ಹಿಂದೆ ಮುಂದೆ ಕಾಫಿಗೂ ಒಳ್ಳೆಮೆಣಸಿನ ಬಳ್ಳಿಗೂ ನಾವು ಸಿಂಪಡಿಸುವ ಈ ದ್ರಾವಣದ ಜೀವಾಳವೇ ಮೈಲುತುತ್ತ, ಅಂದರೆ ತಾಮ್ರ. ಸೀಗಡಿ, ಏಡಿ, ಬಸವನಹುಳುಗಳ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ವಸ್ತುವಿನಲ್ಲಿ ತಾಮ್ರದ ಅಂಶವಿದ್ದರೂ, ನೀರಿನಲ್ಲಿ ಬೆರೆತ ತಾಮ್ರ ಅತ್ಯಲ್ಪ ಪ್ರಮಾಣದಲ್ಲಿಯೂ ಅವುಗಳನ್ನು ಕೊಲ್ಲುತ್ತದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಹಾಕಿ ಮಾಡಿದ ಶೇಕಡಾ 1ರ ದ್ರಾವಣದಲ್ಲಿ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ತಾಮ್ರವಿರುತ್ತದೆ. ಬಕೆಟ್ಟಿನ ತಳದಲ್ಲಿ ಉಳಿದ ಎರಡು ಚಮಚದಷ್ಟು ದ್ರಾವಣದಲ್ಲಿಯೇ 25 ಮಿಲಿಗ್ರಾಂ. 200 ಲೀಟರಿನ ಟ್ಯಾಂಕಿನಲ್ಲಿರುವ ಸೀಗಡಿಗೆ ಅಪಾಯ ತರಲು ಅಷ್ಟು ಸಾಕು. ಬೆಳಗ್ಗೆ ಸ್ಪ್ರೇ ಕೆಲಸ ನೋಡಿಕೊಂಡ ರೈಟರ್ ಅದೇ ಕೈಯಲ್ಲಿ ಪೊಟ್ಟಣ ಬಿಚ್ಚಿ, ಕೊಟ್ಟಿಗೆಯ ಬಳಿ ಸಿಕ್ಕಿದ ಬಕೆಟ್ಟಿನಲ್ಲಿ ನೀರು ತಂದು ಹಾಕಿದರೆ ಕಥೆ ಮುಗಿಯಿತು. ಆದ್ದರಿಂದ ಟ್ಯಾಂಕಿಗೆಂದೇ ಒಂದು ಹೊಸ ಬಕೆಟ್ಟನ್ನೂ ಚೊಂಬನ್ನೂ ತೆಗೆದಿಟ್ಟು, ಬೇಕಾದ ಆರ್‌ಒ ನೀರನ್ನು ಕ್ಯಾನುಗಳಲ್ಲಿ ತುಂಬಿಸಿ ಟ್ಯಾಂಕಿನ ಪಕ್ಕದಲ್ಲಿಯೇ ಇಡಿ. ಚೊಂಬು ತಾಮ್ರದ್ದಾಗಿರದೆ ಪ್ಲಾಸ್ಟಿಕ್ಕಿನದಾಗಿರಲಿ. ಕೈಯನ್ನು ನೀರೊಳಗೆ ಅದ್ದುವ ಅಗತ್ಯವೇ ಬೀಳಬಾರದು. ಆ ಕೋಣೆಯಲ್ಲಿ ಸೊಳ್ಳೆಯ ಸ್ಪ್ರೇ ಹೊಡೆಯಬಾರದು ಎಂಬುದನ್ನೂ ಹೇಳಿ, ಅದರಲ್ಲಿರುವ ಕೀಟನಾಶಕ ಮೀನಿಗೂ ಸೀಗಡಿಗೂ ವಿಷ.

ಹೊರಡುವ ಹಿಂದಿನ ವಾರ ಎರಡು ದಿನ ಅವರನ್ನು ಕರೆದು, ನೀವು ಪಕ್ಕದಲ್ಲಿ ನಿಂತು ಏನೂ ಹೇಳದೆ, ಎಲ್ಲವನ್ನೂ ಅವರಿಂದಲೇ ಮಾಡಿಸಿ ನೋಡಿ. ಮೀನು ಎಷ್ಟಿವೆ ಎಂದು ದಿನವೂ ಎಣಿಸುವ ಅಭ್ಯಾಸವನ್ನು ಅವರಿಗೆ ಹಿಡಿಸಿ. ಒಂದು ಕಡಿಮೆ ಕಂಡರೆ, ಸತ್ತದ್ದು ಕಣ್ಣಿಗೆ ಬಿದ್ದರೆ ಬಲೆಯಿಂದ ತೆಗೆದು ನಿಮಗೆ ಫೋನ್ ಮಾಡಲಿ. ಸತ್ತ ಮೀನೊಂದು ಒಂದು ವಾರದ ಆಹಾರಕ್ಕಿಂತ ಹೆಚ್ಚು ನೀರನ್ನು ಕೆಡಿಸುತ್ತದೆ.

ಪ್ರಶ್ನೆ: ಬ್ಯಾಟರಿಯಿಂದ ನಡೆಯುವ ಆಟೋ ಫೀಡರ್ ತರಿಸಿದ್ದೇನೆ. ಎರಡು ದಿನ ಸರಿಯಾಗಿ ಆಹಾರ ಹಾಕಿ ಮೂರನೆಯ ದಿನ ಏನೂ ಬೀಳಲಿಲ್ಲ. ನಾಲ್ಕನೆಯ ದಿನ ಒಮ್ಮೆಲೇ ದೊಡ್ಡ ಮುದ್ದೆ ಬಿತ್ತು. ಯಂತ್ರ ಕೆಟ್ಟಿದೆಯೇ?
— ಕುಶಾಲನಗರದ ಓದುಗರು

ಉತ್ತರ: ಯಂತ್ರ ಸರಿಯಾಗಿಯೇ ಇದೆ, ಆಹಾರಕ್ಕೆ ತೇವ ಹಿಡಿದಿದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವ ನಮ್ಮ ನಾಡಿನಲ್ಲಿ, 25 ಡಿಗ್ರಿಯ ಬೆಚ್ಚನೆಯ ನೀರಿನ ಮೇಲೆಯೇ ತೂಗಿದ ಡಬ್ಬಿಯೊಳಗಿನ ಆಹಾರ ಒಣಗಿರುವುದಾದರೂ ಹೇಗೆ? ತೆಳು ಚೂರುಗಳಾದ ಫ್ಲೇಕ್ ಆಹಾರವಂತೂ ಒಂದೇ ದಿನದಲ್ಲಿ ಮೆತ್ತಗಾಗಿ ಕಿಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಸಣ್ಣ, ಗಟ್ಟಿ ಪೆಲೆಟ್ ಬಳಸಿ, ಡಬ್ಬಿಯನ್ನು ಅರ್ಧಕ್ಕಿಂತ ಕಡಿಮೆ ತುಂಬಿಸಿ, ನೀರಿನ ಮೇಲ್ಮೈಯಿಂದ ಸಾಧ್ಯವಾದಷ್ಟು ಎತ್ತರದಲ್ಲಿ, ಗಾಳಿಯ ಗುಳ್ಳೆಗಳು ಒಡೆದು ಹನಿ ಚಿಮ್ಮುವ ಜಾಗದಿಂದ ದೂರದಲ್ಲಿ ಇಡಿ. ಮುಚ್ಚಿದ ಟ್ಯಾಂಕಾದರೆ ಫೀಡರಿನ ಕೆಳಗೆ ಮಾತ್ರ ಕಿಂಡಿ ಬಿಟ್ಟು, ಹಬೆ ಹೊರಹೋಗಲು ಇನ್ನೊಂದು ತುದಿಯಲ್ಲಿ ಮುಚ್ಚಳವನ್ನು ಸ್ವಲ್ಪ ಸರಿಸಿಡಿ. ಚಿಕ್ಕ ಏರ್ ಪಂಪಿನ ಕೊಳವೆಯನ್ನು ಫೀಡರಿನ ಬಾಯಿಯ ಹತ್ತಿರ ಕಟ್ಟಿ, ಅದರಿಂದ ಮೆಲ್ಲನೆ ಗಾಳಿ ಬೀಸುತ್ತಿರುವಂತೆ ಮಾಡಿದವರೂ ಇದ್ದಾರೆ. ಅದು ಕೆಲಸ ಮಾಡುತ್ತದೆ, ಆದರೆ ಕೋಣೆಯ ಗಾಳಿಯೇ ತೊಯ್ದು ತೊಪ್ಪೆಯಾಗಿರುವ ಜುಲೈನಲ್ಲಿ ಅದನ್ನೂ ಪೂರ್ತಿ ನಂಬಲಾಗದು.

ನೀವು ಮನೆಯಲ್ಲಿರುವಾಗಲೇ ನಾಲ್ಕೈದು ದಿನ ಪರೀಕ್ಷಿಸಿದ್ದು ಬಹಳ ಒಳ್ಳೆಯದಾಯಿತು. ಈಗ ಇನ್ನೊಂದು ಪರೀಕ್ಷೆ ಮಾಡಿ: ಫೀಡರನ್ನು ಟ್ಯಾಂಕಿನ ಬದಲು ಒಣಗಿದ ಬಟ್ಟಲಿನ ಮೇಲಿಟ್ಟು ಪ್ರತಿ ಸಲ ಬೀಳುವುದನ್ನು ಎಣಿಸಿ ನೋಡಿ. ಒಂದು ಸಲ 20 ಕಾಳು, ಇನ್ನೊಂದು ಸಲ 50 ಕಾಳು ಬೀಳುತ್ತಿದ್ದರೆ ಕಿಂಡಿಯನ್ನು ಅತಿ ಚಿಕ್ಕದು ಮಾಡಿ, ದಿನಕ್ಕೆ ಒಂದೇ ಸಲ ತಿರುಗುವಂತೆ ಇಡಿ. ಮುದ್ದೆ ಬಿದ್ದರೂ ಟ್ಯಾಂಕಿಗೆ ಅನಾಹುತವಾಗದಷ್ಟು ಮಾತ್ರ ಆಹಾರವನ್ನು ಡಬ್ಬಿಯಲ್ಲಿ ತುಂಬಿಸಿ ಹೋಗುವುದು ನನ್ನ ಪದ್ಧತಿ; ಹತ್ತು ದಿನಕ್ಕೆ ಬೇಕಾದದ್ದನ್ನು ನಾನೆಂದೂ ತುಂಬಿಸುವುದಿಲ್ಲ. ಆಹಾರ ಬೀಳುವ ಜಾಗ ಸಂಪಿಗೆ ನೀರು ಇಳಿಯುವ ಕಿಂಡಿಯ ಸಮೀಪ ಇರಬಾರದು, ಇದ್ದರೆ ಮೀನಿನ ಬಾಯಿಗೆ ಹೋಗಬೇಕಾದದ್ದು ಫಿಲ್ಟರಿಗೆ ಹೋಗುತ್ತದೆ. ತೇಲುವ ಪ್ಲಾಸ್ಟಿಕ್ ಬಳೆಯೊಂದನ್ನು ಅಲ್ಲಿ ಸಿಕ್ಕಿಸಿದರೆ ಕಾಳುಗಳು ಅದರೊಳಗೇ ನಿಂತು ಮೆಲ್ಲನೆ ಮುಳುಗುತ್ತವೆ. ಬ್ಯಾಟರಿಯನ್ನು ಹೊಸದಾಗಿ ಹಾಕಿಯೇ ಹೊರಡಿ.

ಪ್ರಶ್ನೆ: ಹೋಗುವ ಮುನ್ನ ಎರಡು ದಿನ ಹೊಟ್ಟೆ ತುಂಬ ಹಾಕಿ ಹೋದರೆ ಆಗದೇ?
— ಪೊನ್ನಂಪೇಟೆಯ ವಿದ್ಯಾರ್ಥಿ

ಉತ್ತರ: ಆಗದು. ನಾಲ್ಕು ದಿನದ ಬುತ್ತಿಯನ್ನು ಒಂದೇ ದಿನದಲ್ಲಿ ಹೊಟ್ಟೆಗೆ ತುಂಬಿಸಿಕೊಳ್ಳಲು ಮೀನಿಗೆ ಬರುವುದಿಲ್ಲ. ಹೆಚ್ಚಾದದ್ದು ಮಲವಾಗಿ, ಅಮೋನಿಯಾವಾಗಿ ನೀವು ಹೊರಟ ರಾತ್ರಿಯೇ ನೀರಿಗೆ ಸೇರುತ್ತದೆ. ಕೃಶವಾಗಿರುವ ಮೀನನ್ನು ದಷ್ಟಪುಷ್ಟ ಮಾಡಬೇಕಿದ್ದರೆ ಆ ಕೆಲಸವನ್ನು ಒಂದು ತಿಂಗಳ ಮೊದಲೇ, ದಿನಕ್ಕೆರಡು ಸಲ ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಮಾಡಿ. ಹೊರಡುವ ದಿನ ಎಂದಿನಷ್ಟೇ, ಅಥವಾ ಅದಕ್ಕಿಂತ ಒಂದು ಚಿಟಿಕೆ ಕಡಿಮೆ.

ಪ್ರಶ್ನೆ: ನನ್ನ 400 ಲೀಟರಿನ ಟ್ಯಾಂಕಿನಲ್ಲಿ ಒಂದು ಟ್ಯಾಂಗ್, ಒಂದು ಮ್ಯಾಂಡರಿನ್, ಮೂರು ಆಂಥಿಯಾಸ್ ಇವೆ. ಇವುಗಳೂ ಒಂದು ವಾರ ಇರಬಲ್ಲವೇ? ನನ್ನ ಗೆಳೆಯರೊಬ್ಬರು ತಮ್ಮ ಲಯನ್‌ಫಿಶ್‌ಗೆ ವಾರಕ್ಕೆ ಮೂರೇ ಸಲ ಊಟ ಎನ್ನುತ್ತಾರೆ, ಅದು ನಿಜವೇ?
— ಸೋಮವಾರಪೇಟೆಯ ಓದುಗರು

ಉತ್ತರ: ನಿಜ. ಲಯನ್‌ಫಿಶ್ ಬೇಟೆಗಾರ ಮೀನು. ದೊಡ್ಡ ತುತ್ತನ್ನು ನುಂಗಿ ಎರಡು ಮೂರು ದಿನ ಸುಮ್ಮನಿರುವುದು ಅದರ ಸ್ವಭಾವ, ಬೆಳೆದ ಲಯನ್‌ಫಿಶ್‌ಗೆ ಒಂದು ವಾರದ ಬಿಡುವು ಏನೂ ಅಲ್ಲ. ನಿಮ್ಮ ಮೂರು ಜಾತಿಗಳ ಮಾತು ಬೇರೆ, ಮತ್ತು ಅವು ಮೂರೂ ಒಂದರಂತೆ ಇನ್ನೊಂದಿಲ್ಲ.

ಟ್ಯಾಂಗ್ ಮೇಯುವ ಮೀನು. ಕಡಲಿನಲ್ಲಿ ಅದು ಬೆಳಗಿನಿಂದ ಸಂಜೆಯವರೆಗೆ ಬಂಡೆಯ ಮೇಲಿನ ಪಾಚಿಯನ್ನು ಕಚ್ಚುತ್ತಲೇ ಇರುತ್ತದೆ. ನೀವು ಹೊರಡುವುದಕ್ಕೆ ಎರಡು ವಾರ ಮೊದಲಿನಿಂದ ಹಿಂಬದಿಯ ಮತ್ತು ಪಕ್ಕದ ಗಾಜಿನ ಮೇಲಿನ ಪಾಚಿಯನ್ನು ಉಜ್ಜಿ ತೆಗೆಯದೆ ಬಿಟ್ಟರೆ ಅದೇ ಅದಕ್ಕೆ ಮೇವು. ನೋಡಲು ಚೆನ್ನಾಗಿರದಿದ್ದರೂ ಇದಕ್ಕಿಂತ ಸುರಕ್ಷಿತವಾದ ರಜೆಯ ಆಹಾರ ಇನ್ನೊಂದಿಲ್ಲ. ಸಹಾಯಕ್ಕೆ ಬರುವವರು ಇದ್ದರೆ ನೋರಿ ಎಂದು ಮಾರುವ ಒಣಗಿದ ಸಮುದ್ರಪಾಚಿಯ ಹಾಳೆಯನ್ನು ಅಂಗೈಯ ಅರ್ಧದಷ್ಟು ಕತ್ತರಿಸಿ, ಕ್ಲಿಪ್ಪಿಗೆ ಸಿಕ್ಕಿಸಿ, ಎರಡು ದಿನಕ್ಕೊಮ್ಮೆ ಹಾಕಲಿ. ಮರುದಿನ ಉಳಿದದ್ದನ್ನು ತೆಗೆದುಹಾಕಬೇಕು.

ಮ್ಯಾಂಡರಿನ್ ಅನ್ನು ಸಾಕುವುದು ಕಷ್ಟವೆಂದು ಎಲ್ಲರೂ ಹೇಳುತ್ತಾರೆ, ಏಕೆಂದರೆ ಅದು ಬಂಡೆಯ ಮೇಲೆ ಹರಿದಾಡುವ ಕೋಪಿಪಾಡ್ ಎಂಬ ಕಣ್ಣಿಗೆ ಕಂಡೂ ಕಾಣದಂಥ ಜೀವಿಗಳನ್ನೇ ಹೆಚ್ಚಾಗಿ ತಿನ್ನುತ್ತದೆ. ಆದರೆ ನಿಮ್ಮ ಟ್ಯಾಂಕ್ ಹಳೆಯದಾಗಿದ್ದು, ಬಂಡೆಗಳು ಧಾರಾಳವಾಗಿದ್ದು, ಮ್ಯಾಂಡರಿನ್‌ನ ಹೊಟ್ಟೆ ದುಂಡಗಿದ್ದರೆ ಅದು ಈಗಲೂ ನಿಮ್ಮ ಕೈಯ ಆಹಾರವನ್ನು ನೆಚ್ಚಿಕೊಂಡಿಲ್ಲ ಎಂದೇ ಅರ್ಥ; ನೀವು ಮನೆಯಲ್ಲಿದ್ದರೂ ಇಲ್ಲದಿದ್ದರೂ ಅದರ ಮೇವು ನಡೆದೇ ಇರುತ್ತದೆ. ಹೊಟ್ಟೆ ಒಳಸೇರಿ ಬೆನ್ನು ಚೂಪಾಗಿ ಕಾಣುತ್ತಿದ್ದರೆ ಅದು ಆಗಲೇ ಹಸಿದಿದೆ, ಅದನ್ನು ಸರಿಪಡಿಸದೆ ಪ್ರವಾಸ ಹೊರಡುವುದು ನ್ಯಾಯವಲ್ಲ.

ನನಗೆ ಚಿಂತೆ ಇರುವುದು ಆಂಥಿಯಾಸ್‌ಗಳದ್ದು. ಕಡಲಿನ ಹರಿವಿನಲ್ಲಿ ತೇಲಿಬರುವ ಸೂಕ್ಷ್ಮ ಜೀವಿಗಳನ್ನು ದಿನವಿಡೀ ಹಿಡಿಯುತ್ತ, ದಿನವಿಡೀ ಈಜುತ್ತ ಇರುವ ಮೀನುಗಳಾದ್ದರಿಂದ ಅವುಗಳ ಮೈಯಲ್ಲಿ ಉಳಿತಾಯ ಕಡಿಮೆ, ಎರಡು ಮೂರು ದಿನಗಳಲ್ಲಿಯೇ ಸೊರಗತೊಡಗುತ್ತವೆ. ಇವುಗಳನ್ನು ಸಾಕಿದವರು ಒಂದು ವಾರ ಹೋಗಬೇಕಾದರೆ ಚೆನ್ನಾಗಿ ಪರೀಕ್ಷಿಸಿದ ಫೀಡರ್ ಮತ್ತು ದಿನವೂ ಬಂದು ನೋಡುವ ಮನುಷ್ಯರು, ಎರಡೂ ಬೇಕು. ಮರಿಮೀನುಗಳಿಗೂ, ಕಳೆದ ಒಂದು ತಿಂಗಳಲ್ಲಿ ತಂದ ಮೀನುಗಳಿಗೂ ಇದೇ ಮಾತು. ಇನ್ನು ಹೊಟ್ಟೆಚೀಲವೇ ಇಲ್ಲದ, ದಿನಕ್ಕೆ ಎರಡು ಮೂರು ಸಲ ತಿನ್ನಲೇಬೇಕಾದ ಕಡಲಕುದುರೆಯನ್ನು ನೀವು ಕೇಳಿಲ್ಲವಾದರೂ ಹೇಳಿಬಿಡುತ್ತೇನೆ: ಅದು 2001ರಿಂದ ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಜೀವಿ, ಯಾರು ಮಾರಲು ಬಂದರೂ ಕೊಳ್ಳಬೇಡಿ.

ಪ್ರಶ್ನೆ: ಪ್ರವಾಸದಿಂದ ಮರಳಿದ ಕೂಡಲೇ ಮೊದಲು ಏನು ಮಾಡಬೇಕು? ಮಕ್ಕಳು ಬಾಗಿಲು ತೆರೆದ ತಕ್ಷಣ ಆಹಾರ ಹಾಕಲು ಓಡುತ್ತಾರೆ.
— ನಾಪೋಕ್ಲುವಿನ ಓದುಗರು

ಉತ್ತರ: ಮಕ್ಕಳಿಗೆ ಮೊದಲು ಎಣಿಸುವ ಕೆಲಸ ಕೊಡಿ. ಎಲ್ಲ ಮೀನುಗಳೂ ಇವೆಯೇ, ಉಸಿರಾಟ ಎಂದಿನಂತಿದೆಯೇ, ನೀರು ತಿಳಿಯಾಗಿದೆಯೇ, ಪಂಪುಗಳು ಓಡುತ್ತಿವೆಯೇ, ಉಷ್ಣತೆ ಎಷ್ಟಿದೆ ಎಂದು ಅವರು ನೋಡಿ ಹೇಳಲಿ. ಅಷ್ಟರಲ್ಲಿ ನೀವು ಅಮೋನಿಯಾ ಮತ್ತು ಉಪ್ಪಿನ ಪ್ರಮಾಣವನ್ನು ಪರೀಕ್ಷಿಸಿ. ಅಮೋನಿಯಾ ಕಾಣಿಸಿಕೊಂಡಿದ್ದರೆ ಅಂದು ಆಹಾರವೇ ಬೇಡ, ಉಷ್ಣತೆಯಲ್ಲೂ ಉಪ್ಪಿನಲ್ಲೂ ಟ್ಯಾಂಕಿಗೆ ಸರಿಹೊಂದುವ ಹೊಸ ನೀರನ್ನು ಸಿದ್ಧ ಮಾಡಿ ಕಾಲುಭಾಗ ಬದಲಾಯಿಸಿ. ನೀರು ಇಳಿದು ಉಪ್ಪು ಏರಿದ್ದರೆ ಹತ್ತಾರು ಲೀಟರ್ ಸಿಹಿನೀರನ್ನು ಒಮ್ಮೆಗೇ ಸುರಿಯಬೇಡಿ. ಒಂಬತ್ತು ದಿನಗಳಲ್ಲಿ ನಿಧಾನವಾಗಿ ಏರಿದ್ದನ್ನು ಒಂದು ಗಂಟೆಯಲ್ಲಿ ಇಳಿಸಿದರೆ ಏರಿದಾಗ ತಡೆದುಕೊಂಡ ಸೀಗಡಿ ಇಳಿಸುವಾಗ ಸಾಯುತ್ತದೆ. ಗಂಟೆಗೆ ಒಂದೆರಡು ಲೀಟರಿನಂತೆ, ನೀರು ಹರಿಯುವ ಕಡೆಯಲ್ಲಿ, ಒಂದೂವರೆ ಎರಡು ದಿನಗಳಲ್ಲಿ ಮಟ್ಟಕ್ಕೆ ತನ್ನಿ. ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರಿನ ಬಟ್ಟಲು ತುಂಬಿದ್ದರೆ ಖಾಲಿ ಮಾಡಿ ತೊಳೆಯಿರಿ.

ಎಲ್ಲವೂ ಸರಿಯಾಗಿದ್ದರೆ ಆಹಾರ ಹಾಕುವ ಕೆಲಸ ಮಕ್ಕಳದೇ ಆಗಲಿ: ಮೊದಲ ದಿನ ಎಂದಿನ ಕಾಲುಭಾಗ, ಎರಡನೆಯ ದಿನ ಅರ್ಧ, ನಾಲ್ಕನೆಯ ದಿನದ ಹೊತ್ತಿಗೆ ಪೂರ್ತಿ. ನೀವು ಇಲ್ಲದಾಗ ಕಡಿಮೆ ಆಹಾರಕ್ಕೆ ಒಗ್ಗಿಕೊಂಡ ಬ್ಯಾಕ್ಟೀರಿಯಾಗಳಿಗೂ ಮತ್ತೆ ಹೆಚ್ಚಿಕೊಳ್ಳಲು ಅಷ್ಟು ಸಮಯ ಬೇಕು.